ಕೀಮೋ ನಡೀತಿರೋ ಮಗೂಗೆ ಜ್ವರ ಬಂದ್ರೆ ಏನ್ ಮಾಡ್ಬೇಕು

ಮಕ್ಕಳಲ್ಲಿ ಜಾಸ್ತಿ ಕಾಣೋ ಬ್ಲಡ್ ಕ್ಯಾನ್ಸರ್ ಎಎಲ್‌ಎಲ್, ಟ್ರೀಟ್‌ಮೆಂಟು ಎರಡು-ಎರಡೂವರೆ ವರ್ಷ ಎಳೆಯುತ್ತೆ, ಅದ್ರಲ್ಲಿ ಬಹಳ ದಿನ ಮಗು ಮನೇಲೇ ಇರುತ್ತೆ, ಹಾಗಾಗಿ ಜ್ವರ ಮೊದಲು ಕಣ್ಣಿಗೆ ಬೀಳೋದು ನಿಮಗೇ. ಹಣೆ ಮುಟ್ಟಿ ಪರ್ವಾಗಿಲ್ಲ ಅನ್ಬೇಡಿ. ಡಿಜಿಟಲ್ ಥರ್ಮಾಮೀಟರ್ ಕಂಕುಳಲ್ಲಿಟ್ಟು ಬೀಪ್ ಬರೋವರೆಗೂ ಕಾಯಿರಿ, ಗುದದ್ವಾರದಲ್ಲಿ ಮಾತ್ರ ಇಡ್ಲೇಬೇಡಿ. 100.4 ಮುಟ್ಟಿದ್ರೆ ಟೈಮ್ ಬರ್ಕೊಂಡು ನಿಮ್ಮ ಆಸ್ಪತ್ರೆಗೆ ಫೋನ್ ಮಾಡಿ, ಮಧ್ಯರಾತ್ರಿ ಆದ್ರೂ ಸರಿ, ಬೆಳಗಾಗ್ಲಿ ನೋಡೋಣ ಅನ್ನೋ ಮಾತೇ ಬೇಡ.

ಕೇಳದೆ ಪ್ಯಾರಾಸಿಟಮಾಲ್ ಕೊಟ್ರೆ ಜ್ವರ ಇಳಿದ ಹಾಗೆ ಕಾಣುತ್ತೆ, ಸೋಂಕು ಒಳಗೊಳಗೇ ಬೆಳೀತಿರುತ್ತೆ. ಪ್ಲೇಟ್‌ಲೆಟ್ ಕಮ್ಮಿ ಇರೋವಾಗ ಐಬುಪ್ರೊಫೆನ್ನು, ಸೊಂಟಕ್ಕೆ ಇಂಜೆಕ್ಷನ್ನು ಎರಡೂ ಬೇಡ, ರಕ್ತ ನಿಲ್ಲಲ್ಲ.

ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ತೋರಿಸ್ತಿದ್ದು ಊರು ದೂರ ಇದ್ರೆ ಬಸ್ ಹತ್ಬೇಡಿ, ಡಾಕ್ಟರಿಗೆ ಫೋನಲ್ಲಿ ಹೇಳಿ ಹತ್ತಿರದ ಜಿಲ್ಲಾಸ್ಪತ್ರೆಗೆ ಹೋಗಿ. ಅಲ್ಲಿ ಕ್ಯೂ ನಿಲ್ಲದೆ "ಕೀಮೋ ಮಗು, ಜ್ವರ ಇದೆ" ಅಂತ ಜೋರಾಗೇ ಹೇಳಿ (ನಾಚಿಕೆ ಪಟ್ರೆ ಆಗಲ್ಲ), ಫೈಲಲ್ಲಿ ಕೊನೇ ಸಿಬಿಸಿ (ರಕ್ತಕಣಗಳ ಲೆಕ್ಕ) ರಿಪೋರ್ಟ್ ಮೇಲೇ ಇರ್ಲಿ. ಎಎನ್‌ಸಿ, ಅಂದ್ರೆ ಸೋಂಕಿನ ಜೊತೆ ಹೋರಾಡೋ ಬಿಳಿ ರಕ್ತಕಣಗಳ ಲೆಕ್ಕ, 500ಕ್ಕಿಂತ ಕೆಳಗಿದ್ರೆ ಅಥವಾ ಇರ್ಬಹುದು ಅನ್ನೋ ಅನುಮಾನ ಇದ್ರೂ ಒಂದು ಗಂಟೆಯೊಳಗೆ ಡ್ರಿಪ್ಪಲ್ಲಿ ಆಂಟಿಬಯೋಟಿಕ್ ಶುರು ಆಗ್ಬೇಕು, ಹೊಸ ರಿಪೋರ್ಟ್‌ಗೆ ಕಾಯೋ ಹಾಗಿಲ್ಲ. ರಾತ್ರಿ ಕೊಡೋ 6-ಎಂಪಿ ಅನ್ನೋ ಕೀಮೋ ಮಾತ್ರೆ ಮುಂದುವರಿಸ್ಬೇಕಾ ನಿಲ್ಲಿಸ್ಬೇಕಾ ಅನ್ನೋದನ್ನೂ ಅದೇ ಫೋನಲ್ಲಿ ಕೇಳ್ಬಿಡಿ.