ಹಳೇ ಎಂಎಕ್ಸ್-5 ಬ್ರೇಕ್ ಮೆತ್ತಗಾಗಿದ್ದು: ನನ್ನ ಅನುಭವ

ಟ್ರ್ಯಾಕ್‌ನಲ್ಲಿ ಓಡಿಸೋಕೆ ಅಂತಲೇ ಇಲ್ಲಿ ಇಂಗ್ಲೆಂಡಿನಲ್ಲಿ 1994ರ ಮಾಜ್ದಾ ಎಂಎಕ್ಸ್-5 ಅನ್ನೋ ಸ್ಪೋರ್ಟ್ಸ್ ಕಾರು ಕೊಂಡೆ. ಬಾಗಿಲ ಕೆಳಗಿನ ಅಂಚಿನಲ್ಲಿ ತುಕ್ಕು ಇದೆಯಾ ಅಂತ ತಟ್ಟಿ ತಟ್ಟಿ ನೋಡಿದ್ದೆ. ಬ್ರೇಕ್ ಆಯಿಲ್ ಮಾತ್ರ ನೋಡಿರಲಿಲ್ಲ.

ಕಾಸಲ್ ಕೂಮ್ ಟ್ರ್ಯಾಕ್‌ನಲ್ಲಿ ಐದನೇ ಸುತ್ತು. ಕ್ವಾರಿ ತಿರುವಿನ ಮುಂಚೆ ಬ್ರೇಕ್ ತುಳಿದರೆ ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಯಿತು. ಎದೆ ಧಸಕ್ಕೆಂದಿತು. ಪಟಪಟ ಎರಡು ಸಲ ತುಳಿದ ಮೇಲೆ ಹಿಡಿಯಿತು. ಹೊರಗೆ ಬಂದು ಅರ್ಧ ಗಂಟೆ ನಿಲ್ಲಿಸಿದೆ. ಪೆಡಲ್ ಮತ್ತೆ ಗಟ್ಟಿ! ಎಲ್ಲೂ ಸೋರಿಕೆ ಇರಲಿಲ್ಲ. ಅಂದರೆ ಬ್ರೇಕಿನ ಬಿಸಿಗೆ ಆಯಿಲ್ ಕುದ್ದಿದೆ.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ಅನ್ನೋ ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ತಡೆಯಬೇಕು. ನೀರು ಸೇರಿದ್ದಕ್ಕೆ ಆ ಮಿತಿ 155 ಅಷ್ಟೇ. ಕುದ್ದರೆ ಆವಿ ಆಗುತ್ತೆ, ಆವಿ ಒತ್ತಿದರೆ ಕುಗ್ಗುತ್ತೆ. ಪೆಡಲ್ ಒಳಗೆ ಹೋಗೋದು ಅದಕ್ಕೇ.

ಹಳೇ ಆಯಿಲ್ ಹೊರಗೆ ತೆಗೆಯೋಕೆ ಮನೆಯಲ್ಲಿ ನಾಲ್ಕೂ ಚಕ್ರ ಬಿಚ್ಚಿದೆ. ಪೆಡಲ್ ತುಳಿಯೋಕೆ ನನ್ನ ತಮ್ಮ ಡ್ರೈವರ್ ಸೀಟಿನಲ್ಲಿ ಕೂತ. ‘ತುಳಿ... ಹಿಡ್ಕೋ... ಈಗ ಬಿಡು.’ ಬ್ರೇಕ್ ಆಯಿಲ್ ಡಬ್ಬಿಯಿಂದ ಅತಿ ದೂರದ ಹಿಂದಿನ ಎಡ ಚಕ್ರದಿಂದ ಶುರು ಮಾಡಿದೆವು. ಚಕ್ರದ ಬ್ರೇಕಿಗೆ ಸಿಕ್ಕಿಸಿದ ಪೈಪಿನಲ್ಲಿ ಬಂದಿದ್ದು ಕಾಫಿ ಡಿಕಾಕ್ಷನ್ ಬಣ್ಣದ ಆಯಿಲ್. ತಿಳಿ ಬಣ್ಣ ಬರೋವರೆಗೂ ಬಿಡಲಿಲ್ಲ. 300 ಡಿಗ್ರಿ ದಾಟಿದ ಮೇಲೇ ಕುದಿಯುವ ರೇಸಿಂಗ್ ಡಾಟ್ 4 ತುಂಬಿದೆ, ಟ್ರ್ಯಾಕಿಗೆ ಅಂತ ಮಾಡಿದ ಬ್ರೇಕ್ ಪ್ಯಾಡ್ ಹಾಕಿದೆ. ಸಿಲಿಕೋನ್ ಡಾಟ್ 5 ಇದಕ್ಕೆ ಬೆರೆಸಲೇಬೇಡಿ.

ಮುಂದಿನ ಸಲ ಅದೇ ಕ್ವಾರಿಯಲ್ಲಿ ಪೆಡಲ್ ಕಲ್ಲಿನ ಹಾಗೆ ನಿಂತಿತ್ತು. ಈಗ ಕೊನೇ ಸುತ್ತು ನಿಧಾನಕ್ಕೆ ಓಡಿಸಿ ಬ್ರೇಕ್ ತಣಿಸಿಕೊಂಡೇ ಒಳಗೆ ಬರುತ್ತೇನೆ. ಬಿಸಿಯಲ್ಲಿ ಹ್ಯಾಂಡ್‌ಬ್ರೇಕ್ ಎಳೆಯಲ್ಲ, ಗೇರ್‌ನಲ್ಲಿ ನಿಲ್ಲಿಸುತ್ತೇನೆ.