ತೊಗರಿ ಹೊಲದ ಕಸುವು ಉಳಿಸಿಕೊಳ್ಳುವ ಬೇಸಾಯ: ಬೇಸಿಗೆಯಿಂದ ಎಳ್ಳಮಾವಾಸ್ಯೆಯವರೆಗೆ

ಕಲಬುರಗಿ ಜಿಲ್ಲೆಯ ಎರೆ (ಕಪ್ಪು ಮಣ್ಣಿನ) ಹೊಲಗಳಿಗೆ ತೊಗರಿಯೇ ಆಧಾರ. 2019ರಲ್ಲಿ ಇಲ್ಲಿನ ತೊಗರಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಆದರೆ ಆ ಹೆಸರನ್ನು ತಂದುಕೊಟ್ಟ ಮಣ್ಣು ಇಂದು ಯಾವ ಸ್ಥಿತಿಯಲ್ಲಿದೆ ಎಂಬುದನ್ನು ಅಕ್ಟೋಬರ್ ತಿಂಗಳಲ್ಲಿ ಹೊಲದ ಬದುವಿನ ಮೇಲೆ ನಿಂತು ನೋಡಿದರೆ ತಿಳಿಯುತ್ತದೆ. ಹಸಿರಾಗಿ ನಿಂತ ಬೆಳೆಯ ನಡುನಡುವೆ ನೆಟೆ ರೋಗಕ್ಕೆ ಸಿಕ್ಕ ಗಿಡಗಳು ಗುಂಪು ಗುಂಪಾಗಿ ಒಣಗಿ ನಿಂತಿರುತ್ತವೆ, ಮತ್ತು ಆ ಗುಂಪುಗಳು ಪ್ರತಿ ವರ್ಷ ಸ್ವಲ್ಪ ಸ್ವಲ್ಪವೇ ಹಿಗ್ಗುತ್ತಿರುತ್ತವೆ. ಸುಸ್ಥಿರ ಕೃಷಿ ಎಂದೊಡನೆ ಯಾವ ಬಾಟಲಿಯ ದ್ರಾವಣ ಕೊಳ್ಳಬೇಕು ಎಂದು ಕೇಳುವವರೇ ಹೆಚ್ಚು. ನನ್ನ ಅಭಿಪ್ರಾಯದಲ್ಲಿ ಒಣಬೇಸಾಯದ ತೊಗರಿ ರೈತ ಮೊದಲು ಮಾಡಬೇಕಾದ ಕೆಲಸಕ್ಕೆ ಏನನ್ನೂ ಕೊಳ್ಳಬೇಕಾಗಿಲ್ಲ: ಒಂದೇ ಹೊಲಕ್ಕೆ ಪ್ರತಿ ವರ್ಷ ಬರೀ ತೊಗರಿ ಬಿತ್ತುವುದನ್ನು ನಿಲ್ಲಿಸಬೇಕು. ಉಳಿದ ಕ್ರಮಗಳೆಲ್ಲ ಅದರ ಹಿಂದೆ ಬರುತ್ತವೆ.

ಬೇಸಿಗೆಯಲ್ಲಿ ಮಾಡುವ ಕೆಲಸ

ಸುಗ್ಗಿ ಮುಗಿದು ಹೊಲ ಖಾಲಿ ಇರುವಾಗ ಮಣ್ಣಿನ ಮಾದರಿ ತೆಗೆಯಿರಿ. ಹೊಲದಲ್ಲಿ ಅಂಕುಡೊಂಕಾಗಿ ನಡೆಯುತ್ತ ಎಂಟು ಹತ್ತು ಕಡೆ ಸುಮಾರು 15 ಸೆಂಟಿಮೀಟರ್ ಆಳದ ಮಣ್ಣು ತೆಗೆದು, ಬೆರೆಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲು ಬಿಡುತ್ತ ಬಂದು, ಕೊನೆಗೆ ಉಳಿದ ಅರ್ಧ ಕಿಲೋ ಮಣ್ಣನ್ನು ರೈತ ಸಂಪರ್ಕ ಕೇಂದ್ರಕ್ಕೆ ಕೊಡಬೇಕು. ಬದುವಿನ ಪಕ್ಕ, ಗಿಡದ ನೆರಳು, ತಿಪ್ಪೆ ಹಾಕಿದ ಜಾಗಗಳಿಂದ ತೆಗೆದ ಮಣ್ಣು ತಪ್ಪು ಲೆಕ್ಕ ಕೊಡುತ್ತದೆ.

ಕೊಯ್ಲಾದ ಮೇಲೆ ಆಳವಾಗಿ ಉಳುವ ಮಾಗಿ ಉಳುಮೆಯ ಬಗ್ಗೆ ಎರಡು ಮಾತಿವೆ. ತೊಗರಿಯ ಕಾಯಿ ತಿನ್ನುವ ಕಾಯಿಕೊರಕ ಹುಳುವಿನ ಕೋಶಗಳು ಮಣ್ಣಿನೊಳಗೆ ಇರುವುದರಿಂದ ಆಳವಾಗಿ ಉತ್ತರೆ ಅವು ಬಿಸಿಲಿಗೂ ಹಕ್ಕಿಗಳ ಬಾಯಿಗೂ ಬೀಳುತ್ತವೆ ಎಂಬುದು ನಿಜ. ಆದರೆ ಪ್ರತಿ ವರ್ಷ ಟ್ರ್ಯಾಕ್ಟರಿನಿಂದ ಆಳಕ್ಕೆ ಮಗುಚಿ ಹಾಕಿದರೆ ಮಣ್ಣಿನಲ್ಲಿರುವ ಅಲ್ಪಸ್ವಲ್ಪ ಸಾವಯವ ಇಂಗಾಲವೂ ಬಿಸಿಲಿಗೆ ಸುಟ್ಟುಹೋಗುತ್ತದೆ. ಆದ್ದರಿಂದ ಎರಡು ಮೂರು ವರ್ಷಕ್ಕೊಮ್ಮೆ ಆಳವಾದ ಉಳುಮೆ, ಉಳಿದ ವರ್ಷಗಳಲ್ಲಿ ಕುಂಟೆ ಹೊಡೆಯುವುದು ಸಾಕು.

ಕಲಬುರಗಿಯಲ್ಲಿ ವರ್ಷಕ್ಕೆ ಸರಾಸರಿ 750 ಮಿಲಿಮೀಟರಿನ ಆಸುಪಾಸು ಮಳೆ ಬೀಳುತ್ತದೆ. ಅದರಲ್ಲಿ ದೊಡ್ಡ ಪಾಲು ಕೆಲವೇ ದಿನಗಳಲ್ಲಿ, ಅದರಲ್ಲೂ ಸೆಪ್ಟೆಂಬರಿನಲ್ಲಿ ಸುರಿಯುವುದರಿಂದ, ಜೂನ್ ಕೊನೆಗೆ ಮಳೆಯಿಲ್ಲವೆಂದು ಮುಗಿಲು ನೋಡುವ ರೈತನೇ ಸೆಪ್ಟೆಂಬರಿನಲ್ಲಿ ಹೊಲದ ನೀರು ಹೊರಹಾಕಲು ಪರದಾಡುತ್ತಾನೆ. ಎರೆ ಮಣ್ಣು ಒಮ್ಮೆ ನೆನೆದು ಬಿರುಕುಗಳು ಮುಚ್ಚಿದ ಮೇಲೆ ನೀರನ್ನು ಬಹಳ ನಿಧಾನವಾಗಿ ಕುಡಿಯುತ್ತದೆ. ಹಾಗಾಗಿ ಈ ಹೊಲಕ್ಕೆ ನೀರು ಹಿಡಿಯುವ ಏರ್ಪಾಡು ಮತ್ತು ಹೆಚ್ಚಾದ ನೀರು ಬಿಡುವ ಏರ್ಪಾಡು ಎರಡೂ ಬೇಕು. ಒಡೆದ ಒಡ್ಡುಗಳನ್ನು ಬೇಸಿಗೆಯಲ್ಲೇ ಕಟ್ಟಿಕೊಳ್ಳಿ. ಇಳಿಜಾರಿಗೆ ಅಡ್ಡವಾಗಿ ಬಿತ್ತಿ. ಎಡೆ ಹೊಡೆಯುವಾಗ ನಾಲ್ಕಾರು ಸಾಲಿಗೊಂದು ಹರಿಯನ್ನು (ನೀರು ಹರಿಯುವ ಕಾಲುವೆಯನ್ನು) ಆಳವಾಗಿ ತೆಗೆದು ಹೊಲದ ತಗ್ಗಿನ ಮೂಲೆಗೆ ಕೂಡಿಸಿ. ಮಳೆ ಕಡಿಮೆಯಾದಾಗ ಅದೇ ಹರಿ ನೀರನ್ನು ಹಿಡಿದಿಡುತ್ತದೆ. ತಗ್ಗಿನ ಮೂಲೆಯಲ್ಲಿ ಕೃಷಿ ಹೊಂಡ ತೆಗೆಸಿಕೊಂಡವರಿಗೆ ಹೂ ಬಿಡುವ ಹೊತ್ತಿನಲ್ಲಿ ಒಂದು ಸಲ ತುಂತುರು ನೀರು ಕೊಡುವ ಅನುಕೂಲ ಸಿಗುತ್ತದೆ, ಮತ್ತು ತೊಗರಿಗೆ ಆ ಒಂದು ನೀರು ಇಡೀ ಹಂಗಾಮಿನ ಲೆಕ್ಕವನ್ನೇ ಬದಲಿಸಬಲ್ಲದು.

ಹಿಂಗಾರಿ ಜೋಳ ಬಿತ್ತಲೆಂದು ಬಿಟ್ಟ ಹೊಲವಾದರೆ ಜೂನ್ ಜುಲೈಯಲ್ಲೇ ಸಣ್ಣ ಬದು ಹಾಕಿ ಚೌಕುಮಡಿ (ಚೌಕಾಕಾರದ ಮಡಿ) ಮಾಡಿ ಬಿಡಬೇಕು. ಬಿದ್ದ ಮಳೆ ಬಿದ್ದಲ್ಲೇ ಇಂಗುತ್ತದೆ. ಬೀದರಿನ ಕೆಂಪು ಜಂಬಿಟ್ಟಿಗೆ ನೆಲದವರಿಗೆ ಈ ಮಾತು ಅಷ್ಟಾಗಿ ಹೊಂದುವುದಿಲ್ಲ. ಆ ನೆಲ ನೀರನ್ನು ಬೇಗ ಕುಡಿದು ಬೇಗ ಒಣಗುತ್ತದೆ. ಅಲ್ಲಿ ಬಸಿಯುವುದಕ್ಕಿಂತ ಹೊದಿಕೆ ಮತ್ತು ತಿಪ್ಪೆಗೊಬ್ಬರದ ಕಡೆಗೆ ಹೆಚ್ಚು ಗಮನ ಕೊಡಬೇಕು.

ತಿಪ್ಪೆಗೊಬ್ಬರ ಎಕರೆಗೆ ಎರಡರಿಂದ ಎರಡೂವರೆ ಟನ್ ಬೇಕು. ದನಗಳೇ ಇಲ್ಲದ ಮನೆಗೆ ಇದು ಸುಲಭವಲ್ಲ ಎಂಬುದನ್ನು ಬಲ್ಲೆ. ಅಂಥವರು ಇರುವ ಹೊಲವನ್ನು ಮೂರು ಪಾಲು ಮಾಡಿ ವರ್ಷಕ್ಕೊಂದು ಪಾಲಿಗೆ ಗೊಬ್ಬರ ಹಾಕಬಹುದು. ಜೊತೆಗೆ ಒಡ್ಡಿನ ಮೇಲೆ ಹಸಿರು ಗೊಬ್ಬರದ ಗಿಡವಾದ ಗ್ಲಿರಿಸಿಡಿಯಾ ಹಚ್ಚಿ, ಅದರ ಸೊಪ್ಪನ್ನು ಕೊಯ್ದು ಸಾಲುಗಳ ನಡುವೆ ಹಾಸಬಹುದು. ಸೂಕ್ಷ್ಮಜೀವಿಗಳನ್ನು ಬೆಳೆಸುವ ಜೀವಾಮೃತ ಎಂಬ ದ್ರಾವಣ ಮಾಡುವವರು 200 ಲೀಟರ್ ನೀರಿಗೆ 10 ಕಿಲೋ ಸಗಣಿ, 10 ಲೀಟರ್ ಗಂಜಲ, 2 ಕಿಲೋ ಬೆಲ್ಲ, 2 ಕಿಲೋ ದ್ವಿದಳ ಧಾನ್ಯದ ಹಿಟ್ಟು ಮತ್ತು ಒಂದು ಹಿಡಿ ಬದುವಿನ ಮಣ್ಣು ಸೇರಿಸುತ್ತಾರೆ. ಆದರೆ ಸೊಪ್ಪು ಸದೆ ಏನೂ ಇಲ್ಲದ ಬರಿ ನೆಲಕ್ಕೆ ಅದನ್ನು ಸುರಿದು ಗೊಬ್ಬರದ ಕೆಲಸವಾಯಿತೆಂದು ತಿಳಿಯುವುದು ತಪ್ಪು. ಸೂಕ್ಷ್ಮಜೀವಿಗಳಿಗೂ ತಿನ್ನಲು ಏನಾದರೂ ಬೇಕಲ್ಲವೇ?

ಬೀಜ

ನೆಟೆ ಕಾಣುವ ಹೊಲಕ್ಕೆ ಆ ರೋಗವನ್ನು ತಡೆದುಕೊಳ್ಳುವ ಟಿಎಸ್-3ಆರ್ ಅಥವಾ ಜಿಆರ್‌ಜಿ-811 ತಳಿಗಳನ್ನು ಆರಿಸಬಹುದು. ಎರಡೂ ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದಿಂದ ಬಂದವು. ಗಿಡ ಹೂ ಬಿಡದೆ ಬರೀ ಎಲೆಯಾಗಿ ನಿಲ್ಲುವ ಗೊಡ್ಡು ರೋಗವೂ ಜೊತೆಗಿದ್ದರೆ ಬಿಎಸ್‌ಎಂಆರ್-736 ಲೇಸು. ಗೊಡ್ಡು ರೋಗವನ್ನು ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಹರಡುತ್ತದೆ, ಆದ್ದರಿಂದ ಅಂಥ ಗಿಡವನ್ನು ಕಂಡ ದಿನವೇ ಕಿತ್ತು ಹೊಲದಿಂದ ಹೊರಗೆ ಹಾಕಬೇಕು.

ಬೀಜೋಪಚಾರಕ್ಕೆ ತಗಲುವ ಖರ್ಚು ಅತ್ಯಲ್ಪ. ಒಂದು ಕಿಲೋ ಬೀಜಕ್ಕೆ ರೋಗದ ಶಿಲೀಂಧ್ರವನ್ನು ಹತ್ತಿಕ್ಕುವ 4 ಗ್ರಾಂ ಟ್ರೈಕೋಡರ್ಮಾ ಲೇಪಿಸಿ, ಆ ಮೇಲೆ ತಣ್ಣಗಾದ ಬೆಲ್ಲದ ಪಾಕದಲ್ಲಿ ಎಕರೆಯ ಬೀಜಕ್ಕೆ 200 ಗ್ರಾಂ ರೈಜೋಬಿಯಂ (ಬೇರಿನ ಗಂಟಿನಲ್ಲಿ ಸಾರಜನಕ ಕೂಡಿಸುವ ಸೂಕ್ಷ್ಮಜೀವಿ) ಬೆರೆಸಿ, ನೆರಳಿನಲ್ಲಿ ಆರಿಸಿ ಅದೇ ದಿನ ಬಿತ್ತಬೇಕು. ಒಂದು ವರ್ಷ ನಾನು ಇವುಗಳ ಜೊತೆಗೇ ರಾಸಾಯನಿಕ ಶಿಲೀಂಧ್ರನಾಶಕವನ್ನೂ ಕಲಸಿದೆ. ಟ್ರೈಕೋಡರ್ಮಾ ಕೂಡ ಒಂದು ಶಿಲೀಂಧ್ರವೇ ಎಂಬುದು ಆಗ ಹೊಳೆಯಲಿಲ್ಲ. ಕೊಂಡುತಂದ ಜೀವವನ್ನು ಕೈಯಾರೆ ಕೊಂದಂತಾಯಿತು.

ಸಾಲುಗಳ ಲೆಕ್ಕ

ಹಿಂದೆ ಜೋಳ, ಸಜ್ಜೆಯ ಹೊಲದಲ್ಲಿ ತೊಗರಿಯು ಅಕ್ಕಡಿ ಸಾಲಾಗಿ, ಅಂದರೆ ಮುಖ್ಯ ಬೆಳೆಯ ನಡುವಿನ ಮಿಶ್ರ ಬೆಳೆಯಾಗಿ, ಇರುತ್ತಿತ್ತು. ಧಾರಣೆಯ ಆಸೆ, ಆಳುಗಳ ಕೊರತೆ ಮತ್ತು ಯಂತ್ರದ ಕೊಯ್ಲಿನ ಅನುಕೂಲಗಳಿಂದಾಗಿ ಅಕ್ಕಡಿ ಸಾಲು ಇಡೀ ಹೊಲವನ್ನು ಆವರಿಸಿಕೊಂಡಿತು. ನೆಟೆ ರೋಗದ ಶಿಲೀಂಧ್ರ ಸತ್ತ ಗಿಡದ ಕೂಳೆ ಮತ್ತು ಬೇರುಗಳಲ್ಲಿ ವರ್ಷಗಟ್ಟಲೆ ಬದುಕಿ, ಮುಂದಿನ ವರ್ಷವೂ ತೊಗರಿಯ ಬೇರೇ ಸಿಕ್ಕರೆ ಮತ್ತಷ್ಟು ಬೆಳೆಯುತ್ತದೆ. ಜೋಳವನ್ನು ಜೊತೆಗೆ ಬೆಳೆದಾಗ ಅಥವಾ ಒಂದು ವರ್ಷ ಅದನ್ನೇ ಬಿತ್ತಿದಾಗ ನೆಟೆ ಕಡಿಮೆಯಾಗುವುದು ಸಂಶೋಧನೆಯಲ್ಲೂ ಕಂಡುಬಂದಿದೆ. ಔಷಧಿಯಿಂದ ಈ ರೋಗವನ್ನು ಹೊಲದಲ್ಲಿ ಹಿಡಿಯುವುದು ದುಬಾರಿಯೂ ಹೌದು, ನೆಚ್ಚುವಂಥದೂ ಅಲ್ಲ.

ಎಲ್ಲರಿಗೂ ಸುಲಭವಾದ ಜೋಡಿ ಎಂದರೆ ತೊಗರಿಯ ಒಂದು ಸಾಲಿಗೆ ಹೆಸರು ಅಥವಾ ಉದ್ದಿನ ಎರಡು ಸಾಲು. ತೊಗರಿ ಮೊದಲ ಎರಡು ತಿಂಗಳು ನಿಧಾನವಾಗಿ ಬೆಳೆಯುವುದರಿಂದ ಮೂರು ಅಡಿ ಅಂತರದ ಸಾಲುಗಳ ನಡುವಿನ ನೆಲ ಬರಿದಾಗಿ ಕಸಕ್ಕೆ ಎಡೆಯಾಗುತ್ತದೆ. ಹೆಸರು ಆ ನೆಲವನ್ನು ಮುಚ್ಚಿ, ಸುಮಾರು 65ರಿಂದ 70 ದಿನಗಳಲ್ಲಿ ಕೊಯ್ಲಿಗೆ ಬಂದು, ತೊಗರಿ ಹರಡಿಕೊಳ್ಳುವ ಹೊತ್ತಿಗೆ ಜಾಗ ಬಿಟ್ಟುಕೊಡುತ್ತದೆ. ಗಣೇಶ ಚತುರ್ಥಿಯ ಸುಮಾರಿಗೆ ಕೈಗೆ ಬರುವ ಆ ಹಣ ರೈತ ಸಾಲ ಕೊಡುವವನ ಮನೆಗೆ ಹೋಗುವುದನ್ನು ತಪ್ಪಿಸುತ್ತದೆಯಾದ್ದರಿಂದ ಇದನ್ನು ನಾನು ಮಣ್ಣಿನ ಲಾಭಕ್ಕಿಂತ ಕಡಿಮೆ ಎಂದು ಎಣಿಸುವುದಿಲ್ಲ. ಕಾಯಿ ಬಿಡಿಸಿಕೊಂಡ ಮೇಲೆ ಹೆಸರಿನ ಹೊಟ್ಟನ್ನೂ ಬಳ್ಳಿಯನ್ನೂ ಅಲ್ಲಿಯೇ ಸಾಲಿನಲ್ಲಿ ಬಿಡಬೇಕು. ಮಳೆ ತಡವಾಗಿ, ಜುಲೈ ನಡುವೆ ಬಿತ್ತುವಂತಾದರೆ ಹೆಸರನ್ನು ಬಿಟ್ಟು ಸಜ್ಜೆ ಅಥವಾ ಎಳ್ಳಿನ ಕಡೆ ತಿರುಗುವುದು ಒಳ್ಳೆಯದು. ಔರಾದ, ಭಾಲ್ಕಿ ಕಡೆಯವರು ಸೋಯಾ ಹೊಲದಲ್ಲಿ ತೊಗರಿ ಸಾಲು ಬಿಡುವ ರೂಢಿಯೂ ಇದೇ ಜಾಣತನದ್ದು.

ವರ್ಷದಿಂದ ವರ್ಷಕ್ಕೆ ಬೆಳೆ ತಿರುಗಿಸುವಾಗ ತೊಗರಿಯ ನಂತರ ಹಿಂಗಾರಿ ಬಿಳಿಜೋಳ ಬರುವಂತೆ ನೋಡಿಕೊಳ್ಳಿ. ತೊಗರಿ ಉದುರಿಸುವ ಎಲೆ ಮತ್ತು ಬೇರಿನ ಗಂಟುಗಳಿಂದ ಮುಂದಿನ ಬೆಳೆಗೆ ಹೆಕ್ಟೇರಿಗೆ 40 ಕಿಲೋವರೆಗೂ ಸಾರಜನಕ ದೊರೆಯಬಲ್ಲದು. ಜೋಳ ಅದನ್ನು ಚೆನ್ನಾಗಿ ಬಳಸಿಕೊಳ್ಳುತ್ತದೆ, ಕಣಕಿ ದನಕ್ಕಾಗುತ್ತದೆ. ತೊಗರಿ ಬಿಟ್ಟು ಕಡಲೆ ಬಿತ್ತಿದರೆ ಸಾಕಲ್ಲ ಎಂದು ಕೆಲವರು ಕೇಳುತ್ತಾರೆ. ನೆಟೆಯ ಮಟ್ಟಿಗೆ ಸರಿ, ಕಡಲೆಯ ಸೊರಗು ರೋಗದ ಶಿಲೀಂಧ್ರವೇ ಬೇರೆ. ಆದರೆ ಕಾಯಿಕೊರಕ ಎರಡಕ್ಕೂ ಒಂದೇ, ಆದ್ದರಿಂದ ಹುಳುವಿಗೆ ಊಟ ತಪ್ಪುವುದಿಲ್ಲ.

ಕುಡಿ ಚಿವುಟುವುದು, ಹುಳು ಹಿಡಿಯುವುದು

ಬಿತ್ತಿದ 50ರಿಂದ 55 ದಿನಗಳಲ್ಲಿ ತೊಗರಿಯ ಕುಡಿಯನ್ನು ಎರಡು ಬೆರಳಿನಷ್ಟು ಚಿವುಟಿದರೆ ಗಿಡ ಮೇಲೇರುವುದನ್ನು ಬಿಟ್ಟು ಪಕ್ಕದ ಟೊಂಗೆಗಳನ್ನು ಒಡೆಯುತ್ತದೆ. ಟೊಂಗೆ ಹೆಚ್ಚಿದಷ್ಟೂ ಹೂವಿನ ಗೊಂಚಲು ಹೆಚ್ಚು. ಕೈಯಿಂದ ಮಾಡಿದರೆ ಆಳು ಬೇಕು. ಬ್ಯಾಟರಿಯ ಚಿಕ್ಕ ಯಂತ್ರಗಳೂ ಈಗ ಬಂದಿವೆ. ಮಳೆ ತಡೆದು ಗಿಡ ಬಾಡಿರುವಾಗ ಮಾತ್ರ ಈ ಕೆಲಸಕ್ಕೆ ಹೋಗಬೇಡಿ.

ಹೂ ಬಿಡುವ ಮುನ್ನ ಎಕರೆಗೆ ಎರಡು ಮೋಹಕ ಬಲೆ (ವಾಸನೆಯಿಂದ ಗಂಡು ಪತಂಗಗಳನ್ನು ಸೆಳೆಯುವ ಬಲೆ) ಕಟ್ಟಿ, ಬೀಳುವ ಪತಂಗಗಳನ್ನು ಎಣಿಸಿ. ಬಲೆ ಇರುವುದು ಹುಳು ಬರುವ ಸುಳಿವು ತಿಳಿಯಲಿಕ್ಕೆ. ಅದೇ ಹುಳುವನ್ನು ಮುಗಿಸುತ್ತದೆಂದು ಕಾಯಬೇಡಿ. ಹಕ್ಕಿಗಳು ಕೂರಲು ಕವಲುಗೋಲು ನೆಡಬೇಕು. ಬಿತ್ತುವಾಗಲೇ ತೊಗರಿ ಬೀಜಕ್ಕೆ ಒಂದು ಹಿಡಿ ಜೋಳ ಕಲಸಿದ್ದರೆ ಎತ್ತರಕ್ಕೆ ನಿಂತ ಆ ಜೋಳವೇ ಹಕ್ಕಿಗೆ ಮೆಟ್ಟಿಲಾಗುತ್ತದೆ. ಅರಿಸಿನ ಹಚ್ಚಿದ ಅನ್ನ ಅಥವಾ ಚುರುಮುರಿಯನ್ನು ಸಾಲುಗಳ ನಡುವೆ ಚೆಲ್ಲಿದರೆ ಅದನ್ನು ಹೆಕ್ಕಲು ಬಂದ ಹಕ್ಕಿ ಹುಳುವನ್ನೂ ಹೆಕ್ಕುತ್ತದೆ. ಎಳ್ಳಮಾವಾಸ್ಯೆಯ ದಿನ ಭಜ್ಜಿ, ಸಜ್ಜೆ ರೊಟ್ಟಿ ಹೊತ್ತು ಹೊಲಕ್ಕೆ ಹೋಗಿ ಚರಗ (ಭೂಮಿಗೆ ಅರ್ಪಿಸುವ ಅಡುಗೆ) ಚೆಲ್ಲುವ ನಮಗೆ ಇದು ಹೊಸದೇನಲ್ಲ, ಒಂದು ತಿಂಗಳು ಮುಂಚೆ ಶುರು ಮಾಡಬೇಕು, ಅಷ್ಟೇ.

ಗಿಡಕ್ಕೆ ಎರಡು ತತ್ತಿ ಅಥವಾ ಒಂದು ಮರಿಹುಳು ಕಂಡರೆ ಸಿಂಪರಣೆಯ ಸಮಯ ಬಂದಿತೆಂದು ತಿಳಿಯಿರಿ. ಮೊದಲ ಸಿಂಪರಣೆ ಬೇವಿನದೇ ಇರಲಿ. 5 ಕಿಲೋ ಬೇವಿನ ಬೀಜದ ತಿರುಳನ್ನು ಪುಡಿ ಮಾಡಿ, ಬಟ್ಟೆಯಲ್ಲಿ ಕಟ್ಟಿ ರಾತ್ರಿಯೆಲ್ಲ ನೆನೆಸಿ, ಹಿಂಡಿ ಸೋಸಿ, ಸ್ವಲ್ಪ ಸಾಬೂನು ಪುಡಿ ಸೇರಿಸಿ 100 ಲೀಟರ್ ಮಾಡಿಕೊಂಡು ಸಂಜೆ ಹೊತ್ತು ಹೊಡೆಯಬೇಕು, ಏಕೆಂದರೆ ಬಿಸಿಲಿಗೆ ಬೇವಿನ ಕಸುವು ಬೇಗ ಇಳಿಯುತ್ತದೆ. ಬೇವಿನ ಬೀಜವನ್ನು ಮುಂಗಾರಿನ ಆರಂಭದಲ್ಲೇ ಗಿಡದ ಕೆಳಗಿನಿಂದ ಆರಿಸಿ ನೆರಳಲ್ಲಿ ಒಣಗಿಸಿಟ್ಟಿದ್ದರೆ ಪುಕ್ಕಟೆ. ಹುಳು ದೊಡ್ಡವಾದ ಮೇಲೆ ಬೇವು ಹೆಚ್ಚು ಕೆಲಸ ಮಾಡುವುದಿಲ್ಲ. ಆಗ ಸಾಲಿನ ಕೆಳಗೆ ತಾಡಪತ್ರಿ ಎಳೆಯುತ್ತ ಗಿಡಗಳನ್ನು ಬಗ್ಗಿಸಿ ಅಲುಗಾಡಿಸಿದರೆ ಹುಳುಗಳು ಮಳೆಯಂತೆ ಉದುರುತ್ತವೆ. ಕೋಳಿ ಸಾಕಿದ ಮನೆಗೆ ಅದು ಮೇವು. ಇಷ್ಟಾಗಿಯೂ ಹತೋಟಿಗೆ ಬಾರದಿದ್ದರೆ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿ ಒಂದು ಕೀಟನಾಶಕ ಬಳಸುವುದರಲ್ಲಿ ತಪ್ಪಿಲ್ಲ. ಅಂಗಡಿಯವನು ಕೊಟ್ಟ ಮೂರು ಬಗೆಯ ಔಷಧಿಯನ್ನು ಒಂದೇ ಡಬ್ಬಿಯಲ್ಲಿ ಕಲಸಿ ಹೊಡೆಯುವುದು ಮಾತ್ರ ಹುಳುವನ್ನು ತಿನ್ನುವ ಜೀವಿಗಳನ್ನೇ ಮೊದಲು ಕೊಲ್ಲುತ್ತದೆ.

ಒಮ್ಮೆಗೇ ಎಲ್ಲ ಬೇಡ

ರಸಗೊಬ್ಬರವನ್ನು ಒಂದೇ ವರ್ಷದಲ್ಲಿ ಪೂರ್ತಿ ಬಿಟ್ಟವರ ಇಳುವರಿ ಕುಸಿದು, ಮರುವರ್ಷ ಅವರು ಮೊದಲಿಗಿಂತ ಹೆಚ್ಚು ಚೀಲ ತಂದದ್ದನ್ನು ನೋಡಿದ್ದೇನೆ. ಎಕರೆಗೆ ಒಂದು ಚೀಲ ಡಿಎಪಿ ಹಾಕುವವರು ಮಣ್ಣು ಪರೀಕ್ಷೆಯ ಚೀಟಿಯನ್ನು ನೋಡಿ, ಸಾವಯವ ಅಂಶ ಹೆಚ್ಚಿದಂತೆ ಹಂತ ಹಂತವಾಗಿ ಇಳಿಸಬೇಕು. ಒಂದೆರಡು ಎಕರೆಯಲ್ಲಿ ಹೊಸ ಕ್ರಮ, ಉಳಿದುದರಲ್ಲಿ ಹಳೆಯದು ಎಂದು ಇಟ್ಟುಕೊಂಡು, ಎರಡಕ್ಕೂ ಆದ ಖರ್ಚು ಮತ್ತು ಬಂದ ಚೀಲಗಳನ್ನು ಬೇರೆ ಬೇರೆ ಬರೆದಿಡಿ. ಮೊದಲ ವರ್ಷ ವ್ಯತ್ಯಾಸ ಕಾಣುವುದು ಇಳುವರಿಗಿಂತ ಖರ್ಚಿನಲ್ಲಿ.

ಮುಕ್ಕಾಲು ಪಾಲಿಗೂ ಮಿಕ್ಕಿ ಕಾಯಿಗಳು ಕಂದು ಬಣ್ಣಕ್ಕೆ ತಿರುಗಿದಾಗ ಕೊಯ್ಲು ಮಾಡಬಹುದು. ರಾಶಿಯಾದ ಮೇಲೆ ಕಟ್ಟಿಗೆಗೆ ಬೆಂಕಿ ಇಡುವ ಬದಲು, ಒಲೆಗೆ ಬೇಕಾದಷ್ಟು ತೆಗೆದುಕೊಂಡು ಉಳಿದುದನ್ನು ಯಂತ್ರದಿಂದ ಪುಡಿ ಮಾಡಿಸಿ ಹೊಲಕ್ಕೇ ಸೇರಿಸಿ, ಹೊಟ್ಟನ್ನು ದನಕ್ಕೆ ಇಡಿ. ಆದರೆ ನೆಟೆಯಿಂದ ಸತ್ತ ಗಿಡಗಳನ್ನು ಇದರಲ್ಲಿ ಸೇರಿಸಬಾರದು. ಅವನ್ನು ಬೇರುಸಹಿತ ಕಿತ್ತು, ಹೊಲದ ಹೊರಗೆ ಒಯ್ದು ಸುಡಬೇಕು. ಕೊಯ್ಲಿಗೆ ಮುಂಚೆಯೇ ಅಂಥ ಜಾಗಗಳ ನಾಲ್ಕೂ ಮೂಲೆಗೆ ಗೂಟ ಬಡಿದು, ಲೆಕ್ಕದ ಪುಸ್ತಕದಲ್ಲಿ ಹೊಲದ ನಕ್ಷೆ ಬರೆದು ಗುರುತು ಹಾಕಿಡಿ. ಮುಂದಿನ ಬಿತ್ತನೆಯ ಹೊತ್ತಿಗೆ ಆ ಗೂಟಗಳ ನಡುವೆ ಕೂರಿಗೆಗೆ ಹಾಕಬೇಕಾದದ್ದು ಜೋಳ.