ಮಾಳಿಗೆ ಮನೆಯ ಜಂತಿ ಒಲೆಗೆ ಹಾಕಬೇಡಿ, ಬೆಂಚು ಮಾಡಿ

ಕೊಪ್ಪಳ, ಕುಷ್ಟಗಿ, ಲಿಂಗಸುಗೂರು ಕಡೆ ಹಳ್ಳಿಗಳಲ್ಲಿ ಮಾಳಿಗೆ ಮನೆ, ಅಂದರೆ ಕಟ್ಟಿಗೆಯ ಮೇಲೆ ಮಣ್ಣು ಹಾಸಿದ ಸಪಾಟು ಚಾವಣಿಯ ಮನೆ, ಕೆಡವಿ ಆರ್‌ಸಿಸಿ ಮನೆ ಕಟ್ಟಿಸುವವರು ಬಹಳ. ಕೆಡವಿದ ಮೇಲೆ ತೊಲೆ, ತೊಲೆಯ ಮೇಲೆ ಅಡ್ಡ ಹಾಕಿದ ಜಂತಿ, ಬಾಗಿಲು ಎಲ್ಲ ಅಂಗಳದಲ್ಲಿ ರಾಶಿ ಬೀಳುತ್ತವೆ. ಸಾಗವಾನಿ ಇದ್ದರೆ ಯಾರಾದರೂ ಬಂದು ಕೊಂಡು ಹೋಗುತ್ತಾರೆ. ಬೇವು, ಜಾಲಿಯ ಜಂತಿಗಳು ಮಾತ್ರ ನೀರು ಕಾಯಿಸುವ ಒಲೆ ಸೇರುತ್ತವೆ. ಇದು ನನಗೆ ನಿಜವಾಗಿಯೂ ಹೊಟ್ಟೆ ಉರಿಸುವ ವಿಷಯ. ನಮ್ಮ ಬಿಸಿಲಲ್ಲಿ ಎಷ್ಟೋ ವರ್ಷ ಒಣಗಿ ಒಣಗಿ, ಸೊಟ್ಟಗಾಗುವುದೆಲ್ಲ ಆಗಿ ಮುಗಿದ ಕಟ್ಟಿಗೆ ಅದು. ಅಂಗಡಿಗೆ ಹೋಗಿ ದುಡ್ಡು ಕೊಟ್ಟರೂ ಅಂಥದ್ದು ಸುಲಭಕ್ಕೆ ಸಿಗಲ್ಲ.

ಅದರಲ್ಲಿ ನಾಲ್ಕು ಅಡಿ ಉದ್ದದ ಒಂದು ಬೆಂಚು ಮಾಡೋಣ. ಕಾಲಿಗೆ ಜಂತಿ, ಕೂರುವುದಕ್ಕೆ ಹಳೆ ಬಾಗಿಲ ಹಲಗೆ.

ಮೊದಲು ಕಟ್ಟಿಗೆ ಆರಿಸುವುದು. ಚಾಕುವಿನ ತುದಿಯಿಂದ ಚುಚ್ಚಿ ನೋಡಿ. ಸುಲಭವಾಗಿ ಒಳಗೆ ಹೋದರೆ ಅಲ್ಲಿ ಗೆದ್ದಲು ತಿಂದಿದೆ ಇಲ್ಲವೇ ಕೊಳೆತಿದೆ, ಅಷ್ಟು ಕತ್ತರಿಸಿ ಬಿಡಿ. ಗೋಡೆಯೊಳಗೆ ಕೂತಿದ್ದ ತುದಿಗಳೇ ಜಾಸ್ತಿ ಹಾಳಾಗಿರುತ್ತವೆ. ಸಣ್ಣ ತೂತಿನಿಂದ ಹೊಸ ಪುಡಿ ಉದುರುತ್ತಿದ್ದರೆ ಹುಳ ಇನ್ನೂ ಒಳಗಿದೆ ಅಂತ ಅರ್ಥ, ಅಂಥ ತುಂಡು ಮನೆಯೊಳಗೆ ತರಲೇಬೇಡಿ. ಬೇವಿಗೆ ಹುಳ ಬರಲ್ಲ ಅನ್ನುತ್ತಾರೆ, ಕಡಿಮೆ ಅನ್ನುವುದು ಸರಿ, ಬರುವುದೇ ಇಲ್ಲ ಅನ್ನುವುದು ತಪ್ಪು.

ಆಮೇಲೆ ತಂತಿ ಬ್ರಷ್ಷಿನಿಂದ ಮಣ್ಣು, ಸುಣ್ಣ ಎಲ್ಲ ಉಜ್ಜಿ ತೆಗೆಯಿರಿ. ಈ ಕೆಲಸ ಬಿಟ್ಟರೆ ಕಟ್ಟಿಗೆ ಹೆರೆಯುವ ರಂದಾದ ಬ್ಲೇಡು ಎರಡೇ ಎಳೆತಕ್ಕೆ ಮೊಂಡಾಗುತ್ತದೆ. ಹಳೆ ಸ್ಪೀಕರಿನ ಅಯಸ್ಕಾಂತ ಹಿಡಿದು ಮೊಳೆ ಹುಡುಕಿ. ಕಟ್ಟಿಗೆಯ ಮೇಲೆ ಕಪ್ಪು ಕಲೆ ಕಂಡ ಕಡೆ ಎರಡು ಸಲ ನೋಡಿ, ತುಕ್ಕು ಹಿಡಿದ ಮೊಳೆ ಅಲ್ಲೇ ಮುರಿದು ಕೂತಿರುತ್ತದೆ. ಮೊಳೆ ಇದ್ದರೆ ಸಾಮಿಲ್‌ನವರು ಮುಟ್ಟುವುದೂ ಇಲ್ಲ. ಬಾಗಿಲಿಗೆ ಹಳೆ ಬಣ್ಣ ಇದ್ದರೆ ಅದರಲ್ಲಿ ಸೀಸ ಇರಬಹುದು. ಒಣ ಉಜ್ಜಬೇಡಿ, ನೀರು ಹಚ್ಚಿ ಉಜ್ಜಿ, ಮಾಸ್ಕ್ ಹಾಕಿ, ಮಕ್ಕಳನ್ನು ದೂರ ಇಡಿ.

ರಾಶಿ ಮಳೆಯಲ್ಲಿ ನೆನೆದಿದ್ದರೆ ಆತುರ ಬೇಡ. ನೆರಳಲ್ಲಿ, ನಡುನಡುವೆ ಸಣ್ಣ ಪಟ್ಟಿ ಇಟ್ಟು ಗಾಳಿ ಆಡುವಂತೆ ಜೋಡಿಸಿ. ಬಿಸಿಲಿಗೆ ಹಾಕಿದರೆ ತುದಿ ಸೀಳುತ್ತದೆ. ಒಂದು ತುಂಡನ್ನು ವಾರಕ್ಕೊಮ್ಮೆ ತೂಗುತ್ತಾ ಹೋಗಿ, ತೂಕ ಇಳಿಯುವುದು ನಿಂತ ಮೇಲೆ ಕೆಲಸ ಶುರು ಮಾಡಿ.

ಅಳತೆ ಹೀಗೆ. ಕಾಲು ನಾಲ್ಕು, ಎರಡೂವರೆ ಇಂಚು ಚೌಕ, ಹದಿನೈದೂವರೆ ಇಂಚು ಎತ್ತರ. ಉದ್ದದ ಅಡ್ಡಪಟ್ಟಿ ಎರಡು, 39 ಇಂಚು. ಗಿಡ್ಡ ಪಟ್ಟಿ ಎರಡು, 8 ಇಂಚು. ಪಟ್ಟಿಗಳು ಮೂರು ಇಂಚು ಅಗಲ, ಒಂದು ಇಂಚು ದಪ್ಪ. ಮೇಲಕ್ಕೆ ಆರು ಇಂಚು ಅಗಲದ ಎರಡು ಹಲಗೆ, ಒಂದು ಇಂಚು ದಪ್ಪ, 48 ಇಂಚು ಉದ್ದ. ಎತ್ತರ ಹದಿನಾರೂವರೆ ಇಂಚು ಬರುತ್ತದೆ, ಕೂತು ಏಳಲು ಸಲೀಸು.

ಇಡೀ ಬೆಂಚಿನ ಜೀವ ಇರುವುದು ಕಾಲಿಗೆ ಪಟ್ಟಿ ಕೂಡುವ ಜಾಗದಲ್ಲಿ. ಬರೀ ಮೊಳೆ ಹೊಡೆದು ನಿಲ್ಲಿಸಿದ ಬೆಂಚು ಮೊದಲ ಬೇಸಿಗೆಗೇ ಅಲ್ಲಾಡುತ್ತದೆ. ಪಟ್ಟಿಯ ಎರಡೂ ತುದಿಗೆ ಅರ್ಧ ಇಂಚು ದಪ್ಪ, ಎರಡು ಇಂಚು ಅಗಲ, ಒಂದು ಇಂಚು ಉದ್ದದ ನಾಲಿಗೆ, ಅಂದರೆ ಕಾಲಿನ ತೂತಿನೊಳಗೆ ಕೂರುವ ತುದಿ, ಬಿಡಿಸಿ. ಅದೇ ಅಳತೆಯ ತೂತನ್ನು ಕಾಲಿನ ಮುಖದ ನಡುಮಧ್ಯಕ್ಕೆ ಉಳಿಯಿಂದ ಕೊರೆಯಿರಿ. ಮೊದಲು ಡ್ರಿಲ್ಲಿನಿಂದ ಸಾಲಾಗಿ ತೂತು ಹೊಡೆದುಕೊಂಡು ಆಮೇಲೆ ಉಳಿ ಹಿಡಿದರೆ ಅರ್ಧ ಕೆಲಸ ಕಡಿಮೆ. ಒಂದು ಇಂಚಿಗಿಂತ ಆಳ ಹೋಗಬೇಡಿ, ಯಾಕೆಂದರೆ ಪಕ್ಕದ ಮುಖದಿಂದ ಇನ್ನೊಂದು ತೂತು ಬರುತ್ತದಲ್ವಾ, ಎರಡೂ ಒಳಗೆ ಕೂಡಿಕೊಂಡರೆ ಕಾಲು ಪೊಳ್ಳಾಗುತ್ತದೆ. ಕಾಲಿನ ಮೇಲ್ತುದಿಯಿಂದ ಮುಕ್ಕಾಲು ಇಂಚು ಬಿಟ್ಟು ತೂತು ಶುರುವಾಗಲಿ, ಇಲ್ಲದಿದ್ದರೆ ತುದಿ ಸೀಳುತ್ತದೆ.

ನಾಲಿಗೆ ಕೈಯಿಂದ ಒತ್ತಿದರೆ ಅರ್ಧ ಹೋಗಬೇಕು, ಉಳಿದದ್ದು ಕೊಡತಿಯ (ಕಟ್ಟಿಗೆ ಸುತ್ತಿಗೆ) ಮೆತ್ತಗಿನ ಏಟಿಗೆ ಕೂರಬೇಕು. ಜೋರಾಗಿ ಹೊಡೆದೇ ಕೂರಿಸಬೇಕಾದರೆ ಬಿಗಿ ಜಾಸ್ತಿ ಆಗಿದೆ, ಸ್ವಲ್ಪ ಕೆರೆಯಿರಿ. ಜಾಲಿ ಕಟ್ಟಿಗೆಯಾದರೆ ಉಳಿಗೆ ಪದೇ ಪದೇ ಸಾಣೆ ಹಿಡಿಯಬೇಕಾಗುತ್ತದೆ, ಅಷ್ಟು ಗಟ್ಟಿ ಅದು.

ಫೆವಿಕಾಲ್ ಹಚ್ಚುವುದು ಬೆಳಿಗ್ಗೆ ತಂಪು ಹೊತ್ತಿನಲ್ಲೇ. ರಾಯಚೂರಿನ ಏಪ್ರಿಲ್ ಮಧ್ಯಾಹ್ನ ಹಚ್ಚಿದರೆ ಜೋಡಿಸುವಷ್ಟರಲ್ಲೇ ಅಂಟು ಕೆನೆಗಟ್ಟಿರುತ್ತದೆ. ಜೋಡಿಸಿದ ತಕ್ಷಣ ಮೂಲೆಯಿಂದ ಮೂಲೆಗೆ ಎರಡೂ ಕಡೆ ಟೇಪು ಹಿಡಿಯಿರಿ, ಎರಡೂ ಅಳತೆ ಒಂದೇ ಬಂದರೆ ಮೂಲೆ ನೇರ ಇದೆ. ಹಗ್ಗ ಸುತ್ತಿ, ನಡುವೆ ಕೋಲು ತೂರಿಸಿ ತಿರುವಿ ಬಿಗಿ ಮಾಡಿ, ಒಂದು ದಿನ ಹಾಗೇ ಬಿಡಿ.

ಇನ್ನು ಹಲಗೆ. ಇಲ್ಲಿ ತಾಳ್ಮೆ ಬೇಕು. ಕಟ್ಟಿಗೆ ಉದ್ದಕ್ಕೆ ಬೆಳೆಯುವುದಿಲ್ಲ, ಅಗಲಕ್ಕೆ ಹಿಗ್ಗುತ್ತದೆ, ಕುಗ್ಗುತ್ತದೆ. ಮೇ ತಿಂಗಳ ಒಣ ಗಾಳಿಗೂ ಆಗಸ್ಟಿನ ತೇವಕ್ಕೂ ಅಡಿ ಅಗಲದ ಹಲಗೆಯಲ್ಲಿ ಎರಡು ಮೂರು ಮಿಲಿಮೀಟರ್ ವ್ಯತ್ಯಾಸ ಬರಬಹುದು. ಅದಕ್ಕೆ ಜಾಗ ಕೊಡದೆ ಬಿಗಿದರೆ ಸೀಳುವುದು ಹಲಗೆಯೇ. ಎರಡು ಹಲಗೆ ನಡುವೆ ಮೂರು ಮಿಲಿಮೀಟರ್ ಸಂದು ಬಿಡಿ. ಗಿಡ್ಡ ಪಟ್ಟಿಗಳ ಒಳಬದಿಗೆ ಸಣ್ಣ ಕಟ್ಟಿಗೆ ತುಂಡು ಕೂರಿಸಿ, ಅದರಲ್ಲಿ ಬೆಂಚಿನ ಅಗಲದ ದಿಕ್ಕಿಗೆ ಉದ್ದನೆಯ ತೂತು ಮಾಡಿ, ಕೆಳಗಿನಿಂದ ವಾಷರ್ ಹಾಕಿ ಸ್ಕ್ರೂ ತಿರುಗಿಸಿ. ಸ್ಕ್ರೂ ಆ ಉದ್ದ ತೂತಿನಲ್ಲಿ ಅತ್ತಿತ್ತ ಜರುಗುತ್ತದೆ, ಹಲಗೆ ಉಸಿರಾಡುತ್ತದೆ. ಮೇಲಿನಿಂದ ಮೊಳೆ ಮಾತ್ರ ಹೊಡೆಯಲೇಬೇಡಿ.

ಹಳೆ ಮೊಳೆಯ ತೂತುಗಳಿಗೆ ಅದೇ ಕಟ್ಟಿಗೆಯ ನಯವಾದ ಪುಡಿಯನ್ನು ಫೆವಿಕಾಲಿನಲ್ಲಿ ಕಲಸಿ ತುಂಬಿ. ನಮ್ಮ ಕಿನ್ನಾಳದ ಚಿತ್ರಗಾರರು ಗೊಂಬೆಗಳಿಗೆ ಕಟ್ಟಿಗೆ ಪುಡಿಯನ್ನು ಹುಣಸೆ ಬೀಜದ ಅಂಟಿನಲ್ಲಿ ಕಲಸಿ ಮೆತ್ತುತ್ತಾರೆ, ಉಪಾಯ ಅದೇ. ಎಲ್ಲ ತೂತು ಮುಚ್ಚಬೇಕು ಅಂತೇನೂ ಇಲ್ಲ, ನನಗಂತೂ ಚಿಲಕ ಇದ್ದ ಗುರುತು ಹಾಗೇ ಉಳಿದರೇ ಚೆಂದ.

80, 120, 180 ನಂಬರಿನ ಪಾಲಿಶ್ ಪೇಪರಿನಿಂದ ಕಟ್ಟಿಗೆಯ ಗೆರೆಯ ಉದ್ದಕ್ಕೇ ಉಜ್ಜಿ. ಆಮೇಲೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಕಾಯಿಸಿದ ಅಗಸೆ ಎಣ್ಣೆ ತೆಳ್ಳಗೆ ಹಚ್ಚಿ, ಅರ್ಧ ಗಂಟೆ ಬಿಟ್ಟು ಉಳಿದದ್ದೆಲ್ಲ ಒರೆಸಿ. ಅಡುಗೆಯ ಅಗಸೆ ಎಣ್ಣೆ ಒಣಗುವುದಕ್ಕೆ ತುಂಬಾ ದಿನ ತೆಗೆದುಕೊಳ್ಳುತ್ತದೆ, ಅದು ಬೇಡ. ಒಂದೊಂದು ದಿನ ಬಿಟ್ಟು ಮೂರು ಕೈ ಸಾಕು. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಈ ಎಣ್ಣೆ ಒಣಗುವಾಗ ತಾನೇ ಬಿಸಿಯಾಗುತ್ತದೆ, ಬಟ್ಟೆಗೆ ತನ್ನಷ್ಟಕ್ಕೆ ಬೆಂಕಿ ಹತ್ತಿದ್ದೂ ಉಂಟು. ಬಿಡಿಸಿ ಹೊರಗೆ ಒಣಹಾಕಿ, ಇಲ್ಲವೇ ನೀರಲ್ಲಿ ಮುಳುಗಿಸಿಡಿ.

ವರ್ಷಕ್ಕೊಮ್ಮೆ, ಯುಗಾದಿಗೆ ಮನೆ ಸುಣ್ಣಬಣ್ಣ ಮಾಡುವಾಗ, ಬೆಂಚು ಮಗುಚಿ ಹಾಕಿ ಸ್ಕ್ರೂ ಸಡಿಲಾಗಿದೆಯಾ ನೋಡಿ, ಇನ್ನೊಂದು ಕೈ ಎಣ್ಣೆ ಹಚ್ಚಿ. ಕಾಲಿನ ತಳಕ್ಕೂ ಹಚ್ಚುವುದು ಮರೆಯಬೇಡಿ, ನೆಲ ಒರೆಸುವ ನೀರು ಮೊದಲು ಹೀರುವುದು ಅಲ್ಲಿಂದಲೇ.